ಒಂದೇ ಸ್ವಿಚ್‌ನಲ್ಲಿ ಪಿಎಲ್‌ಸಿಯೂ ಕ್ಯಾಮೆರಾವೂ ಇದ್ದಾಗ ವಿಲ್ಯಾನ್ ಹಾಕುವ ಕ್ರಮ

ನಮಸ್ಕಾರ ಸರ್. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಿಮ್ಮ ಶೆಡ್‌ನಲ್ಲಿ ಪಿಎಲ್‌ಸಿ (ಯಂತ್ರ ನಡೆಸುವ ನಿಯಂತ್ರಕ), ರಿಮೋಟ್ ಐಒ (ದೂರದ ಸೆನ್ಸರ್, ವಾಲ್ವ್‌ಗಳನ್ನು ಅದಕ್ಕೆ ಜೋಡಿಸುವ ಘಟಕ), ಎಚ್‌ಎಂಐ (ಆಪರೇಟರ್ ಪರದೆ), ಸಿಸಿಟಿವಿ ಕ್ಯಾಮೆರಾ, ಆಫೀಸಿನ ಕಂಪ್ಯೂಟರ್ ಎಲ್ಲವೂ ಎರಡು ಮ್ಯಾನೇಜ್ಡ್ ಸ್ವಿಚ್‌ಗಳ ಮೇಲೆ ಒಂದೇ ನೆಟ್‌ವರ್ಕಿನಲ್ಲಿವೆ, ಕ್ಯಾಮೆರಾ ಹಾಕಿಸಿದ ಮೇಲೆ ಪ್ರೊಫಿನೆಟ್ (ಪಿಎಲ್‌ಸಿ ಮತ್ತು ರಿಮೋಟ್ ಐಒ ಮಾತನಾಡುವ ಈಥರ್ನೆಟ್ ಭಾಷೆ) ಸಂಪರ್ಕ ಆಗಾಗ ಕಡಿದು ಯಂತ್ರ ನಿಲ್ಲುತ್ತಿದೆ, ವಿಲ್ಯಾನ್ (ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ನೆಟ್‌ವರ್ಕ್‌ಗಳಂತೆ ವಿಭಾಗಿಸುವುದು) ಮಾಡಿದರೆ ಸರಿಹೋಗುವುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಸರಿಹೋಗಬೇಕು. ಆದರೆ ಸ್ವಿಚ್‌ನ ವೆಬ್ ಪುಟ ತೆರೆಯುವ ಮೊದಲು, ಯಾವ ಸಾಧನ ಯಾವುದರೊಡನೆ ಮಾತನಾಡಲೇಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಪ್ರೊಫಿನೆಟ್‌ನ ರಿಯಲ್ ಟೈಮ್ ಡೇಟಾ ಐಪಿಯನ್ನು ಬಳಸದೆ ನೇರವಾಗಿ ಈಥರ್ನೆಟ್ ಫ್ರೇಮಿನಲ್ಲೇ (ಡೇಟಾದ ಪೊಟ್ಟಣದಲ್ಲೇ) ಸಾಗುವುದರಿಂದ ರೂಟರನ್ನು ದಾಟಲಾರದು. ಆದ್ದರಿಂದ ಪಿಎಲ್‌ಸಿ ಮತ್ತು ಅದರ ರಿಮೋಟ್ ಐಒ ಒಂದೇ ವಿಲ್ಯಾನ್‌ನಲ್ಲಿರಬೇಕು. ಎಚ್‌ಎಂಐ ಅನ್ನು ಬೇರ್ಪಡಿಸಬಹುದಾದರೂ ನಿಮ್ಮಷ್ಟು ಚಿಕ್ಕ ಘಟಕದಲ್ಲಿ ಅದು ವೃಥಾ ತಲೆನೋವು ಎಂದೇ ನನ್ನ ಅಭಿಪ್ರಾಯ. ಯಂತ್ರಗಳಿಗೆ 10, ಕ್ಯಾಮೆರಾ ಮತ್ತು ಅದರ ವಿಡಿಯೋ ದಾಖಲಿಸುವ ಎನ್‌ವಿಆರ್‌ಗೆ 20, ಆಫೀಸಿಗೆ 30 ಎಂದು ಮೂರು ವಿಲ್ಯಾನ್ ಸಾಕು. ಕ್ರಮಸಂಖ್ಯೆ 1ರಿಂದ 4094ರವರೆಗೆ ಯಾವುದಾದರೂ ಆಗಬಹುದು. ಆದರೆ ಕಾರ್ಖಾನೆಯಿಂದ ಬರುವಾಗ ಎಲ್ಲ ಪೋರ್ಟ್‌ಗಳೂ 1ರಲ್ಲೇ ಇರುವುದರಿಂದ ಅದನ್ನು ಕೆಲಸಕ್ಕೆ ಬಳಸಬೇಡಿ. ಪ್ರತಿಯೊಂದು ವಿಲ್ಯಾನ್‌ಗೂ ಪ್ರತ್ಯೇಕ ಐಪಿ ಸಬ್‌ನೆಟ್ (ವಿಳಾಸಗಳ ಗುಂಪು) ಕೊಡಿ.

ಹೆಚ್ಚಿನವರು ಎಡವುವುದು ಪೋರ್ಟ್ ಸೆಟ್ಟಿಂಗ್‌ನಲ್ಲಿ. ಅನೇಕ ಇಂಡಸ್ಟ್ರಿಯಲ್ ಸ್ವಿಚ್‌ಗಳಲ್ಲಿ ಯಾವ ಪೋರ್ಟ್ ಯಾವ ವಿಲ್ಯಾನ್‌ಗೆ ಸೇರಿದೆ ಎಂಬ ಸದಸ್ಯತ್ವದ ಪಟ್ಟಿ ಒಂದು ಪುಟದಲ್ಲಿಯೂ ಪಿವಿಐಡಿ ಇನ್ನೊಂದು ಪುಟದಲ್ಲಿಯೂ ಇರುತ್ತದೆ. ಪೋರ್ಟ್‌ನಿಂದ ಹೊರಹೋಗುವ ಫ್ರೇಮಿಗೆ ಟ್ಯಾಗ್ (ವಿಲ್ಯಾನ್ ಸಂಖ್ಯೆಯ ಚೀಟಿ) ಇರಬೇಕೇ ಬೇಡವೇ ಎಂಬುದನ್ನು ಸದಸ್ಯತ್ವ ತೀರ್ಮಾನಿಸಿದರೆ, ಟ್ಯಾಗ್ ಇಲ್ಲದೆ ಒಳಬರುವ ಫ್ರೇಮನ್ನು ಯಾವ ವಿಲ್ಯಾನ್‌ಗೆ ಸೇರಿಸಬೇಕು ಎಂಬುದನ್ನು ಪಿವಿಐಡಿ ತೀರ್ಮಾನಿಸುತ್ತದೆ. ಕ್ಯಾಮೆರಾದ ಪೋರ್ಟನ್ನು 20ರ ಅನ್‌ಟ್ಯಾಗ್ಡ್ ಸದಸ್ಯನನ್ನಾಗಿ ಮಾಡಿ ಪಿವಿಐಡಿಯನ್ನು 1ರಲ್ಲೇ ಬಿಟ್ಟರೆ, ಎನ್‌ವಿಆರ್ ಕಳಿಸಿದ್ದು ಕ್ಯಾಮೆರಾಗೆ ತಲುಪುತ್ತದೆ, ಕ್ಯಾಮೆರಾದ ಉತ್ತರ ಮಾತ್ರ ಬೇರೆಡೆಗೆ ಹೋಗುತ್ತದೆ. ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಪಿಂಗ್‌ಗೆ (ಸಂಪರ್ಕ ಪರೀಕ್ಷೆಗೆ) ಮಾತ್ರ ಉತ್ತರ ಬರುವುದಿಲ್ಲ. ಆದ್ದರಿಂದ ಸಾಧನಗಳ ಪೋರ್ಟ್‌ಗಳಲ್ಲಿ ಎರಡನ್ನೂ ಒಂದೇ ಸಂಖ್ಯೆಗೆ ಹೊಂದಿಸಿ, 1ರ ಸದಸ್ಯತ್ವವನ್ನು ತೆಗೆದುಹಾಕಿ. ಸ್ವಿಚ್‌ಗಳ ನಡುವಿನ ಕೇಬಲ್ ಟ್ರಂಕ್ ಆಗಿರಬೇಕು, ಅಂದರೆ ಎರಡೂ ತುದಿಗಳಲ್ಲಿ 10, 20, 30 ಮೂರೂ ಟ್ಯಾಗ್ಡ್ ಆಗಿರಬೇಕು. ಮುಂದೆ ಸ್ವಿಚ್‌ಗಳನ್ನು ರಿಂಗ್ (ವರ್ತುಲ) ಆಗಿ ಜೋಡಿಸಿದರೆ ರಿಂಗ್‌ನ ಎಲ್ಲ ಪೋರ್ಟ್‌ಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ವಿಲ್ಯಾನ್ ಬ್ಯಾಂಡ್‌ವಿಡ್ತ್ ಅನ್ನು ಹಂಚಿಕೊಡುವುದಿಲ್ಲ. ಟ್ರಂಕ್ 100 ಎಂಬಿಪಿಎಸ್‌ನದಾಗಿದ್ದರೆ ಮೂರೂ ವಿಲ್ಯಾನ್‌ಗಳು ಅದೇ ದಾರಿಯಲ್ಲಿ ನುಗ್ಗುತ್ತವೆ. ಐಇಇಇ 802.1ಕ್ಯೂ ಎಂಬ ವಿಲ್ಯಾನ್ ಮಾನದಂಡದ ಟ್ಯಾಗ್‌ನಲ್ಲಿ ಆದ್ಯತೆಗೆಂದೇ 3 ಬಿಟ್‌ಗಳಿದ್ದು, ಪ್ರೊಫಿನೆಟ್ ರಿಯಲ್ ಟೈಮ್ ಫ್ರೇಮುಗಳು ಸಾಮಾನ್ಯವಾಗಿ 6ರ ಆದ್ಯತೆಯೊಂದಿಗೆ ಬರುತ್ತವೆ. ಸ್ವಿಚ್ ಆ ಅಂಕಿಯನ್ನು ಗೌರವಿಸುವಂತೆ ಕ್ಯೂಒಎಸ್ (ಆದ್ಯತೆಯ ಸೆಟ್ಟಿಂಗ್) ಪುಟದಲ್ಲಿ ಹೊಂದಿಸಿ. ಕ್ಯಾಮೆರಾಗಳಲ್ಲಿ ಮಲ್ಟಿಕಾಸ್ಟ್ (ಒಂದೇ ವಿಡಿಯೋವನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಿಧಾನ) ಆನ್ ಇದೆಯೇ ಎಂಬುದನ್ನೂ ನೋಡಿ, ಏಕೆಂದರೆ ಐಜಿಎಂಪಿ ಸ್ನೂಪಿಂಗ್ (ಬೇಕೆಂದು ಕೇಳಿದ ಪೋರ್ಟ್‌ಗಷ್ಟೇ ಅದನ್ನು ಕಳಿಸುವ ಸೌಲಭ್ಯ) ಇಲ್ಲದ ಸ್ವಿಚ್, ಈಗಿನಂತೆ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿದ್ದಾಗ, ಆ ವಿಡಿಯೋವನ್ನು ರಿಮೋಟ್ ಐಒ ಪೋರ್ಟ್ ಸೇರಿದಂತೆ ಎಲ್ಲೆಡೆಗೂ ಸುರಿಯುತ್ತದೆ. ನಿಮ್ಮ ಈಗಿನ ತೊಂದರೆಗೆ ಇದೇ ಕಾರಣವಿರಬಹುದು ಎಂಬುದು ನನ್ನ ಗುಮಾನಿ.

ಆಫೀಸಿನಿಂದ ಪಿಎಲ್‌ಸಿಯ ಉತ್ಪಾದನಾ ಲೆಕ್ಕ ನೋಡಬೇಕಿದ್ದರೆ ವಿಲ್ಯಾನ್‌ಗಳ ನಡುವೆ ದಾರಿ ಕೊಡುವ ಲೇಯರ್ 3 ಸ್ವಿಚ್ ಅಥವಾ ಫೈರ್‌ವಾಲ್ ಬೇಕು, ಪಿಎಲ್‌ಸಿಯಲ್ಲಿ ಗೇಟ್‌ವೇ ವಿಳಾಸವನ್ನೂ ತುಂಬಬೇಕು.

ಕೆಲಸವನ್ನು ಗುರುವಾರದ ವಾರದ ರಜೆಯಲ್ಲೇ ಇಟ್ಟುಕೊಳ್ಳಿ. ಮೊದಲು ಈಗಿನ ಕಾನ್ಫಿಗರೇಶನ್ನಿನ ಬ್ಯಾಕಪ್ ತೆಗೆದಿಡಿ. ನಿಮ್ಮ ಲ್ಯಾಪ್‌ಟಾಪ್ ಕೂತಿರುವ ಪೋರ್ಟ್ ಮತ್ತು ಸ್ವಿಚ್‌ನ ಮ್ಯಾನೇಜ್‌ಮೆಂಟ್ ವಿಲ್ಯಾನ್ (ಅದರ ವೆಬ್ ಪುಟ ಸಿಗುವ ವಿಲ್ಯಾನ್) ಎರಡನ್ನೂ ಕೊನೆಯಲ್ಲಿ ಬದಲಾಯಿಸಿ. ಮೊದಲೇ ಮುಟ್ಟಿದರೆ ಲಾಗಿನ್ ಪುಟವೇ ಸಿಗದೆ, ಕನ್ಸೋಲ್ ಕೇಬಲ್ ಹುಡುಕಬೇಕಾಗುತ್ತದೆ. ಎಲ್ಲ ಸರಿ ಕಂಡ ಮೇಲೆ ಸೇವ್ ಒತ್ತುವುದನ್ನು ಮರೆಯಬೇಡಿ, ಏಕೆಂದರೆ ಹಲವು ಮಾದರಿಗಳಲ್ಲಿ ಅಪ್ಲೈ ಮಾಡಿದ್ದು ಕರೆಂಟ್ ಹೋಗಿ ಬಂದರೆ ಅಳಿಸಿಹೋಗುತ್ತದೆ.

ಇಷ್ಟಾದ ಮೇಲೂ ಸಂಪರ್ಕ ಕಡಿಯುತ್ತಿದ್ದರೆ ಪೋರ್ಟ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಫ್ರೇಮುಗಳ ಎಣಿಕೆ) ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಕೇಬಲ್, ಕನೆಕ್ಟರ್, ಶೀಲ್ಡ್‌ನ ಅರ್ಥಿಂಗ್ ಇವುಗಳನ್ನು ಪರೀಕ್ಷಿಸಬೇಕು; ಡ್ರೈವ್‌ನ (ಮೋಟಾರಿನ ವೇಗ ನಿಯಂತ್ರಕದ) ಮೋಟಾರ್ ಕೇಬಲ್ಲಿನ ಜೊತೆಗೇ ಒಂದೇ ಟ್ರೇಯಲ್ಲಿ ಈಥರ್ನೆಟ್ ಕೇಬಲ್ ಎಳೆದಿದ್ದರೆ ಮೊದಲು ಅದನ್ನು ಬೇರೆ ಮಾಡಿಸಿ.