ಪ್ರತಿಕ್ರಿಯೆ: ಕುದುರೆ ಸವಾರನ ನೆರಳು ಅಂಟಿಸಿದಂತೆ ಕಾಣುವುದಕ್ಕೆ

ಮಧುಗಿರಿ ಬೆಟ್ಟದ ಬಂಡೆಯ ಮೇಲೆ ನಿಂತ ನಿಮ್ಮ ಮಗನ ಫೋಟೋದಲ್ಲಿ ಅವನ ನೆರಳಿನ ಬದಲು ಕುದುರೆ ಸವಾರನ ನೆರಳು ಕೊಟ್ಟಾಗ ಅದು ಕತ್ತರಿಸಿ ಅಂಟಿಸಿದಂತೆ ಕಾಣುವುದಕ್ಕೆ, ಆಕೃತಿಗೆ ಅಪ್ಪಟ ಕಪ್ಪು ತುಂಬಿರುವುದೇ ಬಹುಶಃ ಕಾರಣ. ಬಯಲಿನ ನೆರಳಿನ ಮೇಲೆ ಆಕಾಶದ ಬೆಳಕು ಬೀಳುವುದರಿಂದ ಅದು ತುಸು ನೀಲಿಯಾಗಿರುತ್ತದೆ, ಕಲ್ಲಿನ ಕಣಗಳೂ ಅದರೊಳಗೆ ಕಾಣುತ್ತವೆ.

ಫೋಟೋಶಾಪ್‌ನಲ್ಲಿ ಮೂಲ ಚಿತ್ರದ ಒಂದು ಪದರವನ್ನು ಹಾಗೆಯೇ ಇಟ್ಟುಕೊಂಡು, ಅದರ ನಕಲಿನಲ್ಲಿ ಹುಡುಗನ ನಿಜವಾದ ನೆರಳನ್ನು, ಪಕ್ಕದ ಕಲ್ಲನ್ನು ನಕಲಿಸಿ ಮೇಲೆ ಬಳಿಯುವ ಕ್ಲೋನ್ ಸ್ಟಾಂಪ್‌ನಿಂದ ಅಳಿಸಿ. ಬಳಿಕ ಕಪ್ಪು ಬಣ್ಣದ ಬದಲು ಕರ್ವ್ಸ್ (ಬೆಳಕು-ಕಪ್ಪನ್ನು ಹೊಂದಿಸುವ ಗೆರೆ) ಪದರವೊಂದನ್ನು ಸೇರಿಸಿ, ಸವಾರನ ಆಕೃತಿಯನ್ನು ಅದರ ಮಾಸ್ಕ್ (ಪರಿಣಾಮ ಎಲ್ಲಿ ಕಾಣಬೇಕೆಂದು ಮಿತಿಗೊಳಿಸುವ ಅಚ್ಚು) ಆಗಿ ಬಳಸಿ, ಮೂಲ ನೆರಳಿನಷ್ಟೇ ಕಪ್ಪಾಗುವವರೆಗೆ ಕರ್ವನ್ನು ಇಳಿಸಿ. ನೀಲಿ ಚಾನೆಲ್ ಅನ್ನು (ಚಿತ್ರದ ನೀಲಿ ಬಣ್ಣದ ಅಂಶವನ್ನು) ಮಾತ್ರ ಸ್ವಲ್ಪ ಕಡಿಮೆ ಇಳಿಸಿದರೆ ಸಾಕು.

ಮಾಸ್ಕನ್ನು ಡಿಸ್ಟಾರ್ಟ್ ಮಾಡಿ (ಮೂಲೆಗಳನ್ನು ಎಳೆದು) ಹಳೆಯ ನೆರಳಿನ ದಿಕ್ಕಿಗೇ ಬಾಗಿಸಿ. ಮುಂಗಾಲೆತ್ತಿದ ಕುದುರೆಯನ್ನು ಆರಿಸಿಕೊಳ್ಳುವುದು ಲೇಸು, ಏಕೆಂದರೆ ಅದರ ಹಿಂಗಾಲುಗಳನ್ನು ಹುಡುಗನ ಪಾದಗಳಿಗೆ ನೇರವಾಗಿ ಕೂಡಿಸಬಹುದು. ಬಂಡೆ ಉಬ್ಬಿರುವ ಕಡೆ ಆಕೃತಿಯನ್ನು ಬಳುಕಿಸುವ ವಾರ್ಪ್ ಬೇಕಾಗಬಹುದು. ಚಿತ್ರ ನೋಡದೆ ಇದನ್ನು ಖಚಿತವಾಗಿ ಹೇಳಲಾರೆ.

ಕೊನೆಗೆ ಅಂಚು. ನಮಗೆ ಕಾಣುವ ಸೂರ್ಯಬಿಂಬದ ಅಗಲ ಕೋನದಲ್ಲಿ ಸುಮಾರು ಅರ್ಧ ಡಿಗ್ರಿಯಾದ್ದರಿಂದ, ನೆರಳಿನ ಅಂಚಿನ ಮಸುಕು ವಸ್ತುವಿನಿಂದ ನೆರಳಿಗಿರುವ ದೂರದ ಸುಮಾರು ನೂರನೇ ಒಂದು ಭಾಗದಷ್ಟಿರುತ್ತದೆ: ಪಾದದ ಬಳಿ ಚೂಪಾಗಿರುವ ಅಂಚು 3 ಮೀಟರ್ ದೂರದಲ್ಲಿ ಸುಮಾರು 3 ಸೆಂಟಿಮೀಟರ್ ಮಸುಕಾಗುತ್ತದೆ. ಆದ್ದರಿಂದ ಇಡೀ ಮಾಸ್ಕಿಗೆ ಒಂದೇ ಬ್ಲರ್ ಕೊಡದೆ, ಪಾದದಿಂದ ಸವಾರನ ತಲೆಯವರೆಗೆ ಅದನ್ನು ಕ್ರಮೇಣ ಹೆಚ್ಚಿಸಿ.