ಸಂಪಾದಕರ ಉತ್ತರ: ಮಾರಾಟಕ್ಕಿಲ್ಲದ ಜಾಗಗಳು

ಪ್ರಿಯ ಓದುಗರೇ,

ನಮಸ್ಕಾರ. ಪವಿತ್ರ ಸ್ಥಳಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಸಿಟ್ಟಿನಲ್ಲೇ ಬರೆದಿದ್ದೀರಿ. ನಿಮ್ಮ ಮಾತಿನ ಸಾರ ಇಷ್ಟು. ದೇವರು ಎಲ್ಲೆಲ್ಲೂ ಇದ್ದಾನೆ ಎನ್ನುವವರೇ ಒಂದು ಬೆಟ್ಟಕ್ಕೋ ಒಂದು ಗೋಡೆಗೋ ಮುಗಿಬೀಳುವುದು ಏಕೆ? ಕಲ್ಲು ಕಲ್ಲೇ ಅಲ್ವಾ? 'ಪವಿತ್ರ' ಎನ್ನುವುದು ದುಡ್ಡು ಮಾಡಲು, ಜಗಳ ಹಚ್ಚಲು ಒಂದು ನೆಪ. ಜೊತೆಗೆ ಕೊನೆಯಲ್ಲಿ ಒಂದು ಪ್ರಶ್ನೆ: ನಂಬಿಕೆಯೇ ಇಲ್ಲದ ನಾನು ಅಂಥ ಕಡೆ ಹೋದಾಗ ಕ್ಯಾಮೆರಾ ಏಕೆ ಒಳಗಿಡಬೇಕು?

ಕಲ್ಲು ಕಲ್ಲೇ, ಒಪ್ಪಿದೆ. ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರೆ ಅದರಲ್ಲಿ ಖನಿಜ ಸಿಗುತ್ತದೆ, ಪವಿತ್ರತೆ ಸಿಗುವುದಿಲ್ಲ. ಯಾತ್ರೆ ಇರುವ ಕಡೆ ವ್ಯಾಪಾರ ಇರುತ್ತದೆ ಎನ್ನುವುದನ್ನೂ ಒಪ್ಪುತ್ತೇನೆ. ಅದು ಎಲ್ಲ ಧರ್ಮಗಳಲ್ಲೂ ಇದೆ, ಹಳೆಯ ಕಾಲದಿಂದಲೂ ಇದೆ. ಆದರೆ ಒಂದು ಜಾಗ ಜನರಿಗೆ ನಿಜಕ್ಕೂ ಪವಿತ್ರವೇ ಎಂದು ತಿಳಿಯಬೇಕಾದರೆ ನಾನು ನೋಡುವುದು ಕಲ್ಲನ್ನಲ್ಲ, ಜನರನ್ನು. ಅಲ್ಲಿ ಅವರು ಏನೇನು ಮಾಡಲು ಒಲ್ಲೆ ಎನ್ನುತ್ತಾರೆ? ದುಡ್ಡು ಕೊಟ್ಟರೂ ಒಲ್ಲೆ ಎನ್ನುತ್ತಾರಾ?

ಅಮೆರಿಕದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಕತೆ ನೋಡಿ. ಅವು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಪವಿತ್ರ. 1868ರ ಒಪ್ಪಂದದಲ್ಲಿ ಸರ್ಕಾರ ಆ ನೆಲ ಅವರದೇ ಎಂದು ಬರೆದುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು. 1877ರಲ್ಲಿ ಸರ್ಕಾರವೇ ನೆಲವನ್ನು ಕಿತ್ತುಕೊಂಡಿತು. ಅವರು ಪವಿತ್ರ ಎನ್ನುತ್ತಿದ್ದ ಬಂಡೆಯೊಂದರಲ್ಲಿ ಆಮೇಲೆ ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ್ದೂ ಆಯಿತು. ಈಗ ಪ್ರವಾಸಿಗರು ಸಾಲುಗಟ್ಟಿ ನೋಡುವ ಮೌಂಟ್ ರಶ್ಮೋರ್ ಅದೇ. ಕೊನೆಗೆ 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಲೇಬೇಕು ಎಂದಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ.

ಅವರು ಆ ದುಡ್ಡು ಮುಟ್ಟಲಿಲ್ಲ. ತೆಗೆದುಕೊಂಡರೆ ಬೆಟ್ಟ ಮಾರಿದಂತೆ ಆಗುತ್ತದೆ, ನಮಗೆ ಬೆಟ್ಟವೇ ಬೇಕು ಎಂದರು. ಖಾತೆಯಲ್ಲೇ ಬೆಳೆದ ಆ ಮೊತ್ತ ಈಗ 100 ಕೋಟಿ ಡಾಲರ್ ದಾಟಿದೆ. ಹಣ ಬೇಡ ಎನ್ನುತ್ತಿರುವವರು ಸಿರಿವಂತರೇನಲ್ಲ. ಆ ದೇಶದ ಅತಿ ಬಡ ಪ್ರದೇಶಗಳ ಪಟ್ಟಿಯಲ್ಲಿ ಅವರ ಊರುಗಳಿವೆ. ನೆಪ ಹೂಡಿದವರು ಇಷ್ಟು ವರ್ಷ ಹೀಗೆ ಕೂರುತ್ತಾರೆಯೇ ಹೇಳಿ.

ಅದೇ ದೇಶದ ನ್ಯೂ ಮೆಕ್ಸಿಕೋದಲ್ಲಿ ಟಾವೋಸ್ ಪ್ಯೂಬ್ಲೋ ಎಂಬ ಮೂಲನಿವಾಸಿ ಜನರ ಪವಿತ್ರ ಸರೋವರ ಬ್ಲೂ ಲೇಕ್ ಇದೆ. 1906ರಲ್ಲಿ ಆ ಸರೋವರ ಸರ್ಕಾರಿ ಅರಣ್ಯಕ್ಕೆ ಸೇರಿತು. ಅವರೂ ಪರಿಹಾರದ ಹಣಕ್ಕೆ ಸೊಪ್ಪು ಹಾಕಲಿಲ್ಲ. 1970ರಲ್ಲಿ ಸಂಸತ್ತು ಮಸೂದೆ ಒಪ್ಪಿತು, ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಸರೋವರದ ಜೊತೆ ಸುಮಾರು 48,000 ಎಕರೆ ನೆಲ ಅವರಿಗೆ ಮರಳಿತು.

ಇಲ್ಲಿ ನಿಮ್ಮ ಗಮನಕ್ಕೆ ಒಂದು ಸಂಗತಿ ತರಬೇಕು. ಗೋಪುರವೋ ಗುಮ್ಮಟವೋ ಇದ್ದರೆ ನಮ್ಮಂಥವರಿಗೆ ಆ ಜಾಗ ತಟ್ಟನೆ ಅರ್ಥವಾಗುತ್ತದೆ. ಏನನ್ನೂ ಕಟ್ಟದೆ ಬಿಟ್ಟ ಜಾಗ ಖಾಲಿ ಜಾಗದಂತೆ ಕಾಣುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ ಆದದ್ದು ಅದೇ. ಅಲ್ಲಿನ ಬಂಡೆಯಾಸರೆಯಲ್ಲಿ 46,000 ವರ್ಷಗಳಷ್ಟು ಹಿಂದೆಯೇ ಮನುಷ್ಯರು ಇದ್ದ ಗುರುತು ಸಿಕ್ಕಿತ್ತು. ಸುಮಾರು 4,000 ವರ್ಷ ಹಳೆಯದಾದ, ಕೂದಲಿನಿಂದ ಹೆಣೆದ ಪಟ್ಟಿಯ ತುಂಡು ಸಿಕ್ಕಿತ್ತು. ಡಿಎನ್‌ಎ ಪರೀಕ್ಷೆ ಮಾಡಿದರೆ ಅದು ಇವತ್ತು ಆ ನೆಲದ ಒಡೆಯರಾಗಿರುವ ಜನರ ಪೂರ್ವಜರದೇ! ಇಷ್ಟೆಲ್ಲ ಗೊತ್ತಿದ್ದೂ 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಗಣಿ ಕಂಪನಿಯೊಂದು ಆ ಬಂಡೆಯಾಸರೆಯನ್ನು ಸಿಡಿಸಿತು. ಕಾನೂನಿನ ಒಪ್ಪಿಗೆ ಪತ್ರ ಕಂಪನಿಯ ಕೈಯಲ್ಲಿತ್ತು. ದೊಡ್ಡ ಗದ್ದಲವಾಗಿ ಕಂಪನಿಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. ಹೋದ ಬಂಡೆ ಹೋಯಿತು. ಅದೇ ಜಾಗದಲ್ಲಿ ಒಂದು ಹಳೆಯ ಚರ್ಚೋ ಮಸೀದಿಯೋ ಇದ್ದಿದ್ದರೆ ಯಾರಾದರೂ ಮದ್ದು ಇಡುತ್ತಿದ್ದರೇ?

ಇನ್ನು ದೇವರು ಎಲ್ಲೆಲ್ಲೂ ಇದ್ದಾನೆ ಎನ್ನುವ ಮಾತು. ನಿಮ್ಮ ಪ್ರಶ್ನೆಯನ್ನು ಧರ್ಮದ ಒಳಗಿನವರೇ ಬಹಳ ಹಿಂದೆ ಕೇಳಿದ್ದಾರೆ. 12ನೇ ಶತಮಾನದ ಶರಣರು ಕಲ್ಲಿನ ಗುಡಿಗಿಂತ ಮನುಷ್ಯನ ಒಡಲೇ ದೊಡ್ಡದು ಎಂದರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಯಾವ ಕಟ್ಟಡವೂ ಇನ್ನೊಂದಕ್ಕಿಂತ ಪವಿತ್ರವಲ್ಲ ಎಂದರು. ಮುಂದೆ ಆದದ್ದು ಮಾತ್ರ ತಮಾಷೆಯಾಗಿದೆ. ಶರಣರ ನೆನಪಿಗೆಂದೇ ಜನ ಕೂಡಲಸಂಗಮಕ್ಕೆ ಯಾತ್ರೆ ಹೊರಡುತ್ತಾರೆ. ಕ್ವೇಕರ್ ಪಂಥ ಹುಟ್ಟುಹಾಕಿದ ಜಾರ್ಜ್ ಫಾಕ್ಸ್‌ಗೆ 1652ರಲ್ಲಿ ಪೆಂಡಲ್ ಹಿಲ್ ಮೇಲೆ ದರ್ಶನವಾಯಿತಂತೆ. ಆ ಗುಡ್ಡವನ್ನು ಅವರ ಕಡೆಯವರು ಈಗಲೂ ಹತ್ತಿ ಬರುತ್ತಾರೆ. ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಮನುಷ್ಯನ ನೆನಪಿಗೆ ಕಾಲೂರಲು ಒಂದು ನೆಲ ಬೇಕು. ದೇವರಿಗೆ ಜಾಗ ಬೇಕಿಲ್ಲದಿರಬಹುದು, ನಮಗೆ ಬೇಕು.

ಜಗಳದ ವಿಷಯಕ್ಕೆ ಬರೋಣ. ಇಸ್ತಾಂಬುಲಿನ ಹಗಿಯಾ ಸೋಫಿಯಾ 537ರಲ್ಲಿ ಚರ್ಚ್, 1453ರಲ್ಲಿ ಮಸೀದಿ, 20ನೇ ಶತಮಾನದಲ್ಲಿ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ರಾಜ್ಯ ಯಾರ ಕೈಯಲ್ಲಿದೆಯೋ ಬಾಗಿಲೂ ಅವರ ಕೈಯಲ್ಲಿ. ನಿಮ್ಮ ಅನುಮಾನಕ್ಕೆ ಇಲ್ಲಿ ಆಧಾರ ಇದೆ.

ಆದರೆ ಶ್ರೀಲಂಕಾದ ಶ್ರೀಪಾದ ಬೆಟ್ಟವೂ ಇದೆ. 2,243 ಮೀಟರ್ ಎತ್ತರ, ತುದಿಯ ಬಂಡೆಯಲ್ಲಿ ಹೆಜ್ಜೆಯಂಥ ಒಂದು ಗುರುತು. ಬೌದ್ಧರಿಗೆ ಅದು ಬುದ್ಧನ ಪಾದ, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಅದು ಸಂತ ಥಾಮಸನದು ಎನ್ನುವ ಕ್ರೈಸ್ತರೂ ಇದ್ದಾರೆ. ಪಾದ ಒಂದೇ, ನಾಲ್ಕು ಕತೆ. ರಾತ್ರಿ ಹತ್ತಲು ಹೊರಟರೆ ಮೆಟ್ಟಿಲು ಮಾತ್ರ ಎಲ್ಲರಿಗೂ ಅವೇ. ಕೈಲಾಸದ್ದು ಇನ್ನೂ ಚೆಂದ. ಹಿಂದೂಗಳು, ಬೌದ್ಧರು ಅದನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತಾರೆ. ಟಿಬೆಟಿನ ಬೋನ್ ಧರ್ಮದವರು ಎಡಕ್ಕೆ ಇಟ್ಟುಕೊಂಡು ಸುತ್ತುತ್ತಾರೆ. ಹಾಗಾಗಿ ಸುಮಾರು 50 ಕಿ.ಮೀ. ದಾರಿಯುದ್ದಕ್ಕೂ ಎರಡು ನಂಬಿಕೆಗಳು ಎದುರುಬದುರಾಗುತ್ತಲೇ ಇರುತ್ತವೆ. 6,638 ಮೀಟರಿನ ಆ ತುದಿಗೆ ಇವರಲ್ಲಿ ಯಾರೂ ಕಾಲಿಡುವುದಿಲ್ಲ. ಹಿಮಾಲಯದಲ್ಲಿ ಅದಕ್ಕಿಂತ ಎಷ್ಟೋ ಎತ್ತರದ ಶಿಖರಗಳನ್ನು ಮನುಷ್ಯ ಹತ್ತಿ ಮುಗಿಸಿದ್ದಾನೆ, ಇದನ್ನು ಬಿಟ್ಟಿದ್ದಾನೆ.

ಜಗಳವೂ ಹೊಂದಾಣಿಕೆಯೂ ಒಂದೇ ಸೂರಿನಡಿ ಬೇಕೆಂದರೆ ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚ್ ಇದೆ. ಅದರಲ್ಲಿ ಆರು ಕ್ರೈಸ್ತ ಪಂಗಡಗಳ ಪಾಲಿದೆ. ಬಾಗಿಲ ಕೀಲಿಕೈ, ಬಾಗಿಲು ತೆರೆಯುವ ಹೊಣೆ ಮಾತ್ರ ಶತಮಾನಗಳಿಂದ ಎರಡು ಮುಸ್ಲಿಂ ಮನೆತನಗಳದು. ಮುಂಬಾಗಿಲ ಮೇಲಿನ ಕಿಟಕಿಯ ಕೆಳಗೆ ಒಂದು ಮರದ ಏಣಿ 18ನೇ ಶತಮಾನದಿಂದ ಹಾಗೇ ನಿಂತಿದೆ. ಎಲ್ಲರೂ ಒಪ್ಪದೆ ಅದನ್ನು ತೆಗೆಯುವ ಹಾಗಿಲ್ಲ! 2008ರಲ್ಲಿ ಅಲ್ಲಿ ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಕೈಕೈ ಮಿಲಾಯಿಸಿದ್ದೂ ಉಂಟು. ಅದೇ ಪಂಗಡಗಳು ಕ್ಯಾಥೊಲಿಕರ ಜೊತೆ ಸೇರಿ ಸಮಾಧಿ ಮಂಟಪ ದುರಸ್ತಿ ಮಾಡಿಸಿ 2017ರಲ್ಲಿ ಮುಗಿಸಿದವು.

ನನ್ನ ವಾದಕ್ಕೆ ಒಂದು ತೊಡಕು ಇದೆ, ಮುಚ್ಚಿಡುವುದಿಲ್ಲ. 'ಒಲ್ಲೆ' ಎನ್ನುವುದು ಎಷ್ಟೋ ಕಡೆ 'ನೀನು ಬರಬೇಡ' ಎಂದಾಗುತ್ತದೆ. ಗ್ರೀಸಿನ ಆಥೋಸ್ ಬೆಟ್ಟಕ್ಕೆ ಹೆಂಗಸರು ಕಾಲಿಡುವಂತಿಲ್ಲ. ಜಪಾನಿನ ಒಕಿನೋಶಿಮಾ ದ್ವೀಪಕ್ಕೂ ಅಷ್ಟೇ. ಆ ದ್ವೀಪದಿಂದ ಒಂದು ಹುಲ್ಲುಕಡ್ಡಿಯನ್ನೂ ಹೊರಗೆ ಒಯ್ಯಬಾರದು, ಅಲ್ಲಿ ಕಂಡದ್ದನ್ನು ಯಾರಿಗೂ ಹೇಳಬಾರದು. ಈ ಎರಡು ಕಟ್ಟುಪಾಡುಗಳು ನನಗೆ ತುಂಬ ಹಿಡಿಸುತ್ತವೆ. ಹೆಂಗಸರನ್ನು ತಡೆಯುವ ಮೊದಲಿನದು ಹಿಡಿಸುವುದಿಲ್ಲ. ನನಗೆ ನಾನೇ ಹಾಕಿಕೊಂಡ ಗೆರೆ ಬೇರೆ, ಇನ್ನೊಬ್ಬರ ಹುಟ್ಟು ನೋಡಿ ಎಳೆದ ಗೆರೆ ಬೇರೆ. ಎರಡಕ್ಕೂ ಒಂದೇ ಮರ್ಯಾದೆ ಕೊಡಲು ನನ್ನಿಂದ ಆಗದು. ಅಂದಹಾಗೆ, ಮೊದಲು ವರ್ಷಕ್ಕೊಂದು ದಿನ ಸುಮಾರು 200 ಗಂಡಸರನ್ನು ಆ ದ್ವೀಪಕ್ಕೆ ಬಿಡುತ್ತಿದ್ದರು. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, 2018ರಿಂದ ಅದನ್ನೂ ನಿಲ್ಲಿಸಿದರು. ಈಗ ಅರ್ಚಕರನ್ನು ಬಿಟ್ಟರೆ ಹೆಚ್ಚುಕಡಿಮೆ ಯಾರಿಗೂ ಪ್ರವೇಶವಿಲ್ಲ.

ನಿಮ್ಮ ಕ್ಯಾಮೆರಾ ಪ್ರಶ್ನೆಗೆ ಆಸ್ಟ್ರೇಲಿಯಾದ ಉಲುರುವಿನಿಂದ ಉತ್ತರ ಕೊಡುತ್ತೇನೆ. 348 ಮೀಟರ್ ಎತ್ತರದ ಆ ಕೆಂಪು ಬಂಡೆಯನ್ನು ಸರ್ಕಾರ 1985ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿಸಿತು. ದಯವಿಟ್ಟು ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಬರೀ ಕೇಳಿಕೊಂಡರು, ತಡೆಯಲಿಲ್ಲ. ಕಾರಣ ಪವಿತ್ರತೆ ಒಂದೇ ಅಲ್ಲ. ಹತ್ತಲು ಹೋಗಿ ಸತ್ತವರು ಹಲವರಿದ್ದರು. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಅನಂಗು ಜನ ಅದು ತಮ್ಮ ಹೊಣೆ ಎಂದು ನೊಂದುಕೊಳ್ಳುತ್ತಾರೆ. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ಅದಕ್ಕೂ ಮೊದಲಿನ ದಿನಗಳಲ್ಲಿ ಹತ್ತಿಯೇ ತೀರುತ್ತೇವೆಂದು ಸಾಲು ನಿಂತವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು.

ಬಂಡೆಯ ಸುತ್ತ ಸುಮಾರು 10 ಕಿ.ಮೀ. ಕಾಲುದಾರಿ ಇದೆ, ಯಾರು ಬೇಕಾದರೂ ನಡೆಯಬಹುದು. ನಡುವೆ ಕೆಲವು ಕಡೆ ಫೋಟೋ ತೆಗೆಯಬೇಡಿ ಎಂಬ ಫಲಕಗಳಿವೆ. ಅನಂಗು ಜನರಲ್ಲಿ ಕೆಲವು ಜಾಗ ಹೆಂಗಸರಿಗೆ ಮಾತ್ರ, ಕೆಲವು ಗಂಡಸರಿಗೆ ಮಾತ್ರ. ಇಬ್ಬರ ಮೇಲೂ ನಿರ್ಬಂಧ ಇದೆ. ಫೋಟೋ ಒಮ್ಮೆ ಹೊರಗೆ ಹೋದರೆ ನೋಡಬಾರದವರೂ ನೋಡುತ್ತಾರೆ. ಅವರ ಚಿಂತೆ ಅದು. ನೀವು ಆ ಕತೆಗಳನ್ನು ನಂಬಬೇಕು ಎಂದು ಯಾರೂ ಕೇಳುತ್ತಿಲ್ಲ. ಅಷ್ಟು ದೂರ ಮಾತ್ರ ಕ್ಯಾಮೆರಾ ಚೀಲದಲ್ಲಿ ಇಡಿ. ಉಳಿದ ದಾರಿಯಲ್ಲಿ ಎಷ್ಟು ಬೇಕೋ ಅಷ್ಟು ತೆಗೆಯಿರಿ, ಯಾರದೂ ತಕರಾರಿಲ್ಲ.

ಇಂತಿ,
ಸಂಪಾದಕ