ಟಾಪ್ ಹುಡುಗರು ಬಂದ ಮಾತ್ರಕ್ಕೆ ಕಾಲೇಜ್ ಬ್ಯಾಸ್ಕೆಟ್‌ಬಾಲ್ ತಂಡ ಗೆಲ್ಲುತ್ತದೆಯೇ?

ಅಮೆರಿಕದಲ್ಲಿ ನೀವು ಎಂ.ಎಸ್. ಓದುತ್ತಿರುವ ಯೂನಿವರ್ಸಿಟಿಗೆ ದೇಶದ ಮೊದಲ ಹತ್ತರಲ್ಲಿರುವ ಇಬ್ಬರು ಹೈಸ್ಕೂಲ್ ಆಟಗಾರರು ಬರುತ್ತಿದ್ದಾರೆ, ರೂಮ್‌ಮೇಟ್‌ಗಳು ಈಗಲೇ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ನಾಲ್ಕು ತಂಡಗಳ ಸುತ್ತು) ಅನ್ನುತ್ತಿದ್ದಾರೆ, ನಂಬಬಹುದೇ, ಕೋಚ್ ಮೇಲೆ ಭರವಸೆ ಇಡಬಹುದೇ ಎಂದು ಕೇಳಿದ್ದೀರಿ.

ಈಗಲೇ ನಂಬಬೇಡಿ. ನಾನು ನ್ಯೂಜೆರ್ಸಿಯಲ್ಲಿರುವವನು. 2024-25ರಲ್ಲಿ ಇದೇ ಆಸೆ ಕಟ್ಟಿಕೊಂಡು ಇಲ್ಲಿನ ರಟ್ಗರ್ಸ್ ಯೂನಿವರ್ಸಿಟಿಯ ಆಟಗಳನ್ನು ನೋಡಿದ್ದೆ. ಹೈಸ್ಕೂಲ್ ತಾರೆಗಳಾಗಿದ್ದ ಡಿಲನ್ ಹಾರ್ಪರ್, ಏಸ್ ಬೇಲಿ ಇಬ್ಬರೂ ಒಟ್ಟಿಗೆ ಬಂದಿದ್ದರು. ಅವರ ಬಗ್ಗೆ ಹೇಳಿದ್ದೇನೂ ಸುಳ್ಳಾಗಲಿಲ್ಲ, ಮುಂದಿನ ಎನ್‌ಬಿಎ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಒಬ್ಬ ಎರಡನೆಯವನಾಗಿ, ಇನ್ನೊಬ್ಬ ಐದನೆಯವನಾಗಿ ಹೋದರು. ಆದರೆ ತಂಡ ಗೆದ್ದದ್ದು 15, ಸೋತದ್ದು 17. ಇವರಿಬ್ಬರೂ ಇಲ್ಲದ ಹಿಂದಿನ ವರ್ಷದ ಲೆಕ್ಕವೂ ಅದೇ 15-17! ಆ ಮಾರ್ಚ್‌ನಲ್ಲಿ ನನಗಾದ ಬೇಸರ ಇನ್ನೂ ಹೋಗಿಲ್ಲ.

ಬಂದವರನ್ನು ಎಲ್ಲರೂ ಎಣಿಸಿದ್ದೆವು, ಹೋದವರನ್ನು ಎಣಿಸಿರಲಿಲ್ಲ. ವರ್ಷಗಳಿಂದ ಬಾಸ್ಕೆಟ್ ಕೆಳಗೆ ನಿಂತು ಎದುರಾಳಿಗಳ ಶಾಟ್ ತಡೆಯುತ್ತಿದ್ದ ಸೆಂಟರ್ ಕ್ಲಿಫರ್ಡ್ ಒಮೊರುಯಿ ಅಲಬಾಮಾ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿದ್ದ. ಹೊಸದಾಗಿ ಬರುವವರನ್ನಷ್ಟೇ ಎಣಿಸುವ ರಿಕ್ರೂಟಿಂಗ್ ರ‍್ಯಾಂಕಿಂಗ್‌ನಲ್ಲಿ ಇಂಥ ನಷ್ಟ ಎಲ್ಲೂ ಕಾಣುವುದಿಲ್ಲ.

ಅದೇ ವರ್ಷ ಡ್ಯೂಕ್ ಯೂನಿವರ್ಸಿಟಿ ನೋಡಿ. ಕೂಪರ್ ಫ್ಲ್ಯಾಗ್, ಕಾನ್ ಕ್ನಿಪಲ್, ಖಮಾನ್ ಮಲುವಾಚ್ ಮೂವರೂ ಮೊದಲ ವರ್ಷದವರು. ಡ್ರಾಫ್ಟ್‌ನಲ್ಲಿ 1, 4, 10ನೇ ಸ್ಥಾನ. ಅವರ ಪಕ್ಕದಲ್ಲಿ ಆಡಿದವರು ಮೂರನೇ ವರ್ಷದ ಟೈರೀಸ್ ಪ್ರಾಕ್ಟರ್ ಮತ್ತು ಟುಲೇನ್‌ನಲ್ಲಿ ನಾಲ್ಕು ಸೀಸನ್ ಆಡಿ ಬಂದ ಸಯಾನ್ ಜೇಮ್ಸ್. 35 ಗೆಲುವು, 4 ಸೋಲು. ಹಾಗಿದ್ದೂ ಫೈನಲ್ ಫೋರ್‌ನಲ್ಲಿ ಹ್ಯೂಸ್ಟನ್ ಎದುರು ಇನ್ನೇನು 35 ಸೆಕೆಂಡ್ ಇರುವಾಗ 6 ಪಾಯಿಂಟ್ ಮುಂದಿದ್ದವರು 70-67ಕ್ಕೆ ಸೋತರು. ಕೊನೆಗೆ ಮುನ್ನಡೆ ತಂದುಕೊಟ್ಟ ಫ್ರೀ ಥ್ರೋಗಳನ್ನು ಹಾಕಿದವನು ಹ್ಯೂಸ್ಟನ್‌ನಲ್ಲೇ ವರ್ಷಗಟ್ಟಲೆ ಆಡಿ ಪಳಗಿದ ಜುವಾನ್ ರಾಬರ್ಟ್ಸ್.

ಕೋಚ್ ವಿಷಯಕ್ಕೆ ಬಂದರೆ, ದೊಡ್ಡ ಹುಡುಗರನ್ನು ಕರೆತರುವುದು ಕೆಲಸದ ಅರ್ಧ ಮಾತ್ರ. ಅವರ ಸುತ್ತ ಯಾರನ್ನು ನಿಲ್ಲಿಸುತ್ತಾರೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಡ್ಯೂಕ್ ತಂಡವನ್ನು ಕೋಚ್ ಆಗಿ 42 ಸೀಸನ್ ನಡೆಸಿದ ಮೈಕ್ ಕ್ರಿಜೆವ್‌ಸ್ಕಿ 2022ರಲ್ಲಿ ನಿವೃತ್ತರಾದಾಗ ಡ್ಯೂಕ್ ಸಿಕ್ಕಿದ್ದು, ಹಿಂದೆ ಎಲ್ಲೂ ಮುಖ್ಯ ಕೋಚ್ ಆಗಿರದ ಜಾನ್ ಶಾಯರ್‌ಗೆ. 2024ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಸೋತ ಮೇಲೆ ಅವರ ತಂಡ ಹೆಚ್ಚುಕಡಿಮೆ ಖಾಲಿಯಾಯಿತು. ಫ್ಲ್ಯಾಗ್ ಬರುತ್ತಾನೆಂದು ಅವರು ಸುಮ್ಮನೆ ಕೂರಲಿಲ್ಲ. ಜೇಮ್ಸ್ ಜೊತೆಗೆ ಪರ್ಡ್ಯೂದಿಂದ ಮೇಸನ್ ಗಿಲ್ಲಿಸ್, ಸಿರಕ್ಯೂಸ್‌ನಿಂದ ಮಲೀಕ್ ಬ್ರೌನ್ ಅವರನ್ನು ತಂದರು. ಚೆಂಡು ತನ್ನ ಕೈಗೇ ಬರಬೇಕೆನ್ನದೆ ಡಿಫೆನ್ಸ್ ಆಡುವವರು. ನನಗೆ ಶಾಯರ್ ಮೇಲೆ ನಂಬಿಕೆ ಬಂದದ್ದು ಆಗ.

ಇನ್ನೊಂದು, ಕೋಚ್ ಕುರ್ಚಿ ಅಲ್ಲಾಡುತ್ತಿದ್ದರೆ ಬರುವ ಹುಡುಗರೂ ಕೈತಪ್ಪಬಹುದು. 2016-17ರಲ್ಲಿ ಮುಂದೆ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಹೋದ ಮಾರ್ಕೆಲ್ ಫುಲ್ಟ್ಸ್ ಇದ್ದೂ ವಾಷಿಂಗ್ಟನ್ ಯೂನಿವರ್ಸಿಟಿ 9-22 ಆಯಿತು, ಕೋಚ್ ಲೊರೆಂಜೊ ರೊಮಾರ್ ಕೆಲಸ ಹೋಯಿತು, ಅಲ್ಲಿಗೆ ಬರಬೇಕಿದ್ದ ಹೈಸ್ಕೂಲ್ ತಾರೆ ಮೈಕಲ್ ಪೋರ್ಟರ್ ಜೂನಿಯರ್ ಮಿಸ್ಸೂರಿಗೆ ಹೋದ. ಅವನ ಅಪ್ಪನಿಗೆ ಅಲ್ಲಿ ಸಹಾಯಕ ಕೋಚ್ ಕೆಲಸ ಸಿಕ್ಕಿತ್ತು.

ನಿಮ್ಮ ತಂಡದ ಪಟ್ಟಿ ಹಾಕಿ. ಕಳೆದ ವರ್ಷ ಹೆಚ್ಚು ಹೊತ್ತು ಆಡಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ, ಸೆಂಟರ್ ಯಾರು, ಕೋಚ್ ಒಪ್ಪಂದ ಇನ್ನೆಷ್ಟು ವರ್ಷ, ಇಷ್ಟು ತಿಳಿಸಿದರೆ ನನ್ನ ಅಂದಾಜು ಖಂಡಿತ ಹೇಳುತ್ತೇನೆ.